ಮಾಡೆಲ್ ರೈಲಿನ ಹಳಿ: ಉಜ್ಜುವುದಾ, ಒರೆಸುವುದಾ, ಸುಮ್ನೆ ಬಿಡುವುದಾ?

ನಿನ್ನೆ ಚೆನ್ನಾಗಿ ಓಡಿದ ಎಂಜಿನ್ ಇವತ್ತು ಪಾಯಿಂಟ್ಸ್ ಮೇಲೆ, ಅಂದರೆ ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗಕ್ಕೆ, ಬಂದು ನಿಲ್ಲುತ್ತದೆ. ಹೆಡ್‌ಲೈಟ್ ಮಿಣುಕುತ್ತದೆ. ಬೆರಳಿನಿಂದ ಸ್ವಲ್ಪ ತಳ್ಳಿದರೆ ಏನೂ ಆಗಿಲ್ಲ ಎನ್ನುವ ಹಾಗೆ ಮತ್ತೆ ಹೊರಡುತ್ತದೆ. ಮಾಡೆಲ್ ರೈಲು ಇಟ್ಟುಕೊಂಡವರಿಗೆ ಈ ಕಾಟ ಹೊಸದಲ್ಲ. ಹೆಚ್ಚಿನ ಸಲ ಮೋಟಾರ್ ಸರಿಯಾಗಿಯೇ ಇರುತ್ತದೆ, ಹಳಿಗೆ ಮಸಿ ಹಿಡಿದಿರುತ್ತದೆ. ಆ ಮಸಿ ತೆಗೆಯುವುದು ಹೇಗೆ ಅಂತ ಕೇಳಿದರೆ ಮಾತ್ರ ಹತ್ತು ಜನ ಹತ್ತು ದಾರಿ ಹೇಳುತ್ತಾರೆ. ಪ್ರತಿಯೊಬ್ಬರಿಗೂ ತಮ್ಮದೇ ಸರಿ. ಹಾಗಾಗಿ ಒಂದೊಂದನ್ನೂ ನನ್ನ ಲೇಔಟಿನಲ್ಲೇ ಮಾಡಿ ನೋಡಿದೆ.

ನನ್ನದು ಎಚ್‌ಓ ಸ್ಕೇಲ್, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಅಳತೆ. ಹಳಿಗಳ ನಡುವೆ 16.5 ಮಿ.ಮೀ. ಅಗಲ, ಹಳಿ ನಿಕಲ್ ಸಿಲ್ವರ್ ಅನ್ನುವ ಮಿಶ್ರಲೋಹದ್ದು, ಓಡಿಸುವುದು ಡಿಸಿಸಿಯಲ್ಲಿ, ಅಂದರೆ ಪ್ರತಿ ಎಂಜಿನ್ನಿಗೂ ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆಯಲ್ಲಿ. ಅಕ್ಕಪಕ್ಕ ಎರಡು ಸುತ್ತುಗಳಿವೆ. ಒಳಗಿನ ಸುತ್ತಿಗೆ ಒಂದು ವಿಧಾನ, ಹೊರಗಿನ ಸುತ್ತಿಗೆ ಇನ್ನೊಂದು ವಿಧಾನ ಅಂತ ಹಂಚಿಕೊಂಡೆ. ಒಂದೇ ಸುತ್ತಿನಲ್ಲಿ ಅರ್ಧ ಹೀಗೆ, ಅರ್ಧ ಹಾಗೆ ಮಾಡಿದರೆ ಪ್ರಯೋಜನವಿಲ್ಲ. ಚಕ್ರಗಳು ಈ ಕಡೆಯ ಕೊಳೆಯನ್ನು ಆ ಕಡೆಗೆ ಹೊತ್ತು ಹಾಕಿಬಿಡುತ್ತವೆ. ಪರೀಕ್ಷೆಗೆ ಒಂದು ಹಳೆಯ ಎಂಜಿನ್ ಇಟ್ಟುಕೊಂಡೆ. ಅದರಲ್ಲಿ ಕರೆಂಟ್ ಹಿಡಿದಿಡುವ ಕೆಪ್ಯಾಸಿಟರ್ ಇಲ್ಲ, ಹಳಿ ಒಂದು ಕ್ಷಣ ಕೈಕೊಟ್ಟರೂ ಗೊತ್ತಾಗುತ್ತದೆ. ಅದನ್ನು ತೆವಳುವ ವೇಗದಲ್ಲಿ ಬಿಟ್ಟು ಹೆಡ್‌ಲೈಟ್ ನೋಡುವುದು, ಆಮೇಲೆ ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಹಳಿಯ ಮೇಲೆ ಎಳೆದು ಎಷ್ಟು ಕಪ್ಪು ಬರುತ್ತದೆ ಅಂತ ನೋಡುವುದು, ಇಷ್ಟೇ ನನ್ನ ಲ್ಯಾಬ್.

ಈ ಕಪ್ಪು ಬರೀ ಧೂಳಲ್ಲ. ಚಕ್ರ ಮತ್ತು ಹಳಿ ತಾಗುವ ಜಾಗ ತುಂಬ ಚಿಕ್ಕದು. ಅಲ್ಲಿ ಸಂಪರ್ಕ ತಪ್ಪಿ ಮತ್ತೆ ಸಿಗುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರುತ್ತದೆ. ಕಿಡಿ ಹಾರಿದ ಕಡೆ ಲೋಹ ಸ್ವಲ್ಪ ಸುಟ್ಟು ಆಕ್ಸೈಡ್ ಆಗುತ್ತದೆ. ಎಂಜಿನ್ನಿನಿಂದ ಜಿನುಗಿದ ಎಣ್ಣೆ, ಮನೆಯ ಧೂಳು, ಎಂಜಿನ್ ಚಕ್ರದ ರಬ್ಬರ್ ಪಟ್ಟಿಯ ಸವಕಲು ಎಲ್ಲ ಸೇರಿ ಕಾಡಿಗೆಯಂಥ ಅಂಟು ತಯಾರಾಗುತ್ತದೆ. ಡಿಸಿಸಿಯಲ್ಲಿ ರೈಲು ನಿಂತಿದ್ದರೂ ಹಳಿಯಲ್ಲಿ ಪೂರ್ತಿ ವೋಲ್ಟೇಜ್ ಇರುತ್ತದೆ, ಎಚ್‌ಓದಲ್ಲಿ ಸಾಮಾನ್ಯವಾಗಿ 14ರಿಂದ 16 ವೋಲ್ಟ್. ಎಂಜಿನ್ನಿಗೆ ಹೋಗುವ ಆದೇಶಗಳೂ ಅದೇ ಹಳಿಯಲ್ಲೇ ಸಾಗಬೇಕು. ಆದ್ದರಿಂದ ಕೊಳೆಯ ಕಾಟ ಅಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ.

ಮೊದಲು ಉಜ್ಜುವ ರಬ್ಬರ್. ಎಲ್ಲರ ಡ್ರಾಯರಿನಲ್ಲೂ ಒಂದು ಇದ್ದೇ ಇರುತ್ತದೆ. ಮಾಡೆಲ್ ಹಳಿ ತಯಾರಿಸುವ ಪೀಕೋ ಕಂಪನಿಯದ್ದೇ ಒಂದು ತುಂಬ ಪರಿಚಿತ. ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜುಪುಡಿ ಬೆರೆಸಿದಂತಿರುತ್ತದೆ. ನಾಲ್ಕು ಸಲ ಎಳೆದರೆ ಹಳಿ ಹೊಳೆಯುತ್ತದೆ, ಎಂಜಿನ್ ಗಡಿಯಾರದ ಮುಳ್ಳಿನಷ್ಟು ನಯವಾಗಿ ಸಾಗುತ್ತದೆ. ಮೊದಲ ದಿನದ ಫಲಿತಾಂಶ ನೋಡಿ ತೀರ್ಪು ಕೊಡುವುದಾದರೆ ಇದೇ ಗೆಲ್ಲಬೇಕು. ಆದರೆ ಕೆಲವು ವಾರ ಕಳೆದ ಮೇಲೆ ಮೊದಲು ಮಿಣುಕಲು ಶುರುವಾಗಿದ್ದೂ ಇದೇ ಸುತ್ತಿನಲ್ಲಿ. ಭೂತಗನ್ನಡಿ ಹಿಡಿದು ನೋಡಿದರೆ ಕಾರಣ ಕಾಣುತ್ತದೆ: ಹಳಿಯ ತಲೆಯ ಮೇಲೆಲ್ಲ ಗೀರು. ಗೀರಿನೊಳಗೆ ಮಸಿ ಕೂರುತ್ತದೆ, ಚಕ್ರ ತಾಗುವ ಜಾಗ ಕಡಿಮೆಯಾಗುತ್ತದೆ, ಕಿಡಿ ಜಾಸ್ತಿ. ಆಗ ಮತ್ತೆ ಉಜ್ಜುತ್ತೇವೆ, ಮತ್ತೆ ಗೀರು. ಉಜ್ಜಿದಷ್ಟೂ ಉಜ್ಜುವ ಕೆಲಸ ಹೆಚ್ಚುತ್ತದೆ. ಉದುರಿದ ಪುಡಿ ಪಾಯಿಂಟ್ಸ್ ನಾಲಿಗೆಯ ಸಂದಿಗೆ ಹೋಗಿ ಸೇರುವುದು ಬೇರೆ.

ಹಾಗಂತ ರಬ್ಬರನ್ನು ಎಸೆದಿಲ್ಲ. ಜಲ್ಲಿ ಅಂಟಿಸಿದಾಗ ಹಳಿಯ ಮೇಲೆ ಒಣಗಿದ ಗೋಂದು, ಪಕ್ಕಕ್ಕೆ ಬಣ್ಣ ಹಚ್ಚುವಾಗ ಮೇಲೆ ಬಿದ್ದ ಹನಿ, ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಹಳೆಯ ಹಿತ್ತಾಳೆ ಹಳಿಯ ಕಿಲುಬು, ಇವಕ್ಕೆ ದ್ರವ ಸಾಕಾಗುವುದಿಲ್ಲ. ಒಮ್ಮೆ ಉಜ್ಜಿ ಮುಗಿಸಿ, ಆಮೇಲೆ ಅದನ್ನು ಡ್ರಾಯರಿಗೆ ಹಾಕಿ. ಒರಟು ಸ್ಯಾಂಡ್ ಪೇಪರ್ ಬೇಡವೇ ಬೇಡ. ಸ್ಟೀಲ್ ವುಲ್ಲನ್ನಂತೂ ಪರೀಕ್ಷೆಗೂ ತೆಗೆದುಕೊಳ್ಳಲಿಲ್ಲ. ಅದರ ಎಳೆಗಳು ಮೋಟಾರಿನ ಅಯಸ್ಕಾಂತಕ್ಕೆ ಹೋಗಿ ಅಂಟಿಕೊಂಡು ಶಾರ್ಟ್ ಮಾಡುತ್ತವೆ.

ಒರೆಸುವ ದ್ರವಗಳಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಎಲ್ಲರ ಮೊದಲ ಆಯ್ಕೆ. ಸುಲಭವಾಗಿ ಸಿಗುತ್ತದೆ, ಬೇಗ ಆರುತ್ತದೆ, ಪ್ಲಾಸ್ಟಿಕ್ ಸ್ಲೀಪರಿಗೆ ತೊಂದರೆ ಇಲ್ಲ. ಬಟ್ಟೆಗೆ ಬರುವ ಕಪ್ಪು ನೋಡಿದರೆ ಖುಷಿಯಾಗುತ್ತದೆ. 70 ಶೇಕಡಾದ್ದರಲ್ಲಿ ಉಳಿದದ್ದು ಹೆಚ್ಚುಕಡಿಮೆ ನೀರೇ, ಹಾಗಾಗಿ 90ಕ್ಕಿಂತ ಮೇಲಿನದು ಒಳ್ಳೆಯದು. ಬಾಳಿಕೆಯಲ್ಲಿ ರಬ್ಬರಿಗಿಂತ ಸ್ಪಷ್ಟವಾಗಿ ಮೇಲು.

ಅದರ ಎದುರಾಳಿ ಸೀಮೆಎಣ್ಣೆ ಜಾತಿಯ ದ್ರವಗಳು. ಸೀಮೆಎಣ್ಣೆ, ಬಣ್ಣಕ್ಕೆ ಬೆರೆಸುವ ಮಿನರಲ್ ಟರ್ಪೆಂಟೈನ್, ಕೆಲವು ಕಾಂಟ್ಯಾಕ್ಟ್ ಕ್ಲೀನರುಗಳು ಈ ಗುಂಪಿಗೆ ಸೇರುತ್ತವೆ. ಇವನ್ನು ಬೆಂಬಲಿಸುವವರ ವಾದ ಡೈಎಲೆಕ್ಟ್ರಿಕ್ ಸಂಖ್ಯೆಯ ಮೇಲೆ, ಅಂದರೆ ವಿದ್ಯುತ್ ಕ್ಷೇತ್ರಕ್ಕೆ ದ್ರವ ಎಷ್ಟು ಸ್ಪಂದಿಸುತ್ತದೆ ಅನ್ನುವ ಅಳತೆಯ ಮೇಲೆ, ನಿಂತಿದೆ. ನೀರಿಗೆ ಅದು ಸುಮಾರು 80, ಐಸೊಪ್ರೊಪೈಲಿಗೆ 18ರ ಆಸುಪಾಸು, ಸೀಮೆಎಣ್ಣೆಗೆ ಸುಮಾರು 2. ಸಂಖ್ಯೆ ಕಡಿಮೆಯಾದಷ್ಟೂ ಕಿಡಿ ಕಡಿಮೆ, ಮಸಿ ಕಡಿಮೆ ಅನ್ನುತ್ತಾರೆ. ನನ್ನ ಸುತ್ತುಗಳಲ್ಲಿ ಸೀಮೆಎಣ್ಣೆಯಿಂದ ಒರೆಸಿದ್ದು ಆಲ್ಕೊಹಾಲಿನಿಂದ ಒರೆಸಿದ್ದಕ್ಕಿಂತ ಜಾಸ್ತಿ ದಿನ ಬಾಳಿದ್ದು ನಿಜ. ವಾದ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆಲ್ಕೊಹಾಲ್ ನಿಮಿಷದಲ್ಲಿ ಆರಿ ಹೋಗುತ್ತದೆ. ಇಲ್ಲದ ದ್ರವದ ಗುಣ ಹಳಿಯ ಮೇಲೆ ಹೇಗೆ ಕೆಲಸ ಮಾಡೀತು? ಸೀಮೆಎಣ್ಣೆ ಬಿಟ್ಟುಹೋಗುವ ತೀರಾ ತೆಳು ಪದರವೇ ಹಳಿಯನ್ನು ಗಾಳಿಯಿಂದ ಕಾಪಾಡುತ್ತಿರಬಹುದು ಅನ್ನುವುದು ನನ್ನ ಊಹೆ. ಕಾರಣ ಯಾವುದೇ ಇರಲಿ, ಎರಡರಲ್ಲಿ ಒಂದನ್ನು ಆರಿಸು ಅಂದರೆ ನನ್ನ ಕೈ ಟರ್ಪೆಂಟೈನ್ ಬಾಟಲಿಗೇ ಹೋಗುತ್ತದೆ.

ಅದಕ್ಕೂ ಬೆಲೆ ತೆರಬೇಕು. ವಾಸನೆ ಇದೆ. ಒರೆಸಿದ ಮೇಲೆ ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸದಿದ್ದರೆ ಎಂಜಿನ್ ಚಕ್ರ ಜಾರುತ್ತದೆ, ರಬ್ಬರ್ ಪಟ್ಟಿ ಉಬ್ಬಿ ಸಡಿಲವಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಕೊಳ್ಳುವಾಗ ಪ್ಲಾಸ್ಟಿಕಿಗೆ ಅಪಾಯವಿಲ್ಲ ಅಂತ ಬರೆದಿದೆಯಾ ನೋಡಿಕೊಳ್ಳಿ. ಡಬ್ಲ್ಯೂಡಿ-40ರ ಮಾಮೂಲಿ ಡಬ್ಬಿ ಬೇರೆ, ಅದೇ ಹೆಸರಿನ ಕಾಂಟ್ಯಾಕ್ಟ್ ಕ್ಲೀನರ್ ಬೇರೆ. ಮೊದಲಿನದು ಎಣ್ಣೆ ಜಿಡ್ಡು ಉಳಿಸುತ್ತದೆ. ಯಾವ ದ್ರವವೇ ಆದರೂ ಬಟ್ಟೆಗೆ ಹಾಕಿ, ಹಳಿಗೆ ಸುರಿಯಬೇಡಿ. ಕರೆಂಟ್ ಆಫ್ ಮಾಡಿ, ಕಿಟಕಿ ತೆಗೆಯಿರಿ. ಇವೆಲ್ಲ ಹೊತ್ತಿಕೊಳ್ಳುವ ವಸ್ತುಗಳು, ಹಳಿಯ ಮೇಲೆ ಹಾರುವುದು ಕಿಡಿ. ಅಸಿಟೋನ್ ಹತ್ತಿರವೂ ತರಬೇಡಿ, ಪ್ಲಾಸ್ಟಿಕ್ ಕರಗುತ್ತದೆ.

ಗ್ರಾಫೈಟ್ ಬಗ್ಗೆ ನನಗೆ ನಂಬಿಕೆಯೇ ಇರಲಿಲ್ಲ. ಹಳಿಗೆ ಕಪ್ಪು ಹತ್ತಬಾರದು ಅಂತ ಒರೆಸುತ್ತೇವೆ, ಇವರು ಕಪ್ಪನ್ನು ತಾವಾಗಿಯೇ ಹಚ್ಚು ಅನ್ನುತ್ತಾರಲ್ಲ! ಆದರೆ ಗ್ರಾಫೈಟಿನಲ್ಲಿ ಕರೆಂಟ್ ಹರಿಯುತ್ತದೆ. ಚಕ್ರ ಮತ್ತು ಹಳಿಯ ನಡುವಿನ ಸಣ್ಣ ಸಂದಿಗಳನ್ನು ಅದು ತುಂಬುತ್ತದೆ. ಮೊದಲು ಟರ್ಪೆಂಟೈನಿನಿಂದ ಒರೆಸಿ ಒಣಗಿಸಿ, ಆಮೇಲೆ ಚಿತ್ರ ಬಿಡಿಸುವವರು ಬಳಸುವ ಮೆತ್ತನೆಯ ಗ್ರಾಫೈಟ್ ಕಡ್ಡಿಯನ್ನು ಹಳಿಯ ತಲೆಯ ಒಳ ಅಂಚಿಗೆ ಒಂದೇ ಒಂದು ಸಲ ಹಗುರವಾಗಿ ಎಳೆದೆ. ಅಲ್ಲಲ್ಲಿ ಹಚ್ಚಿದರೆ ಸಾಕು, ಉಳಿದದ್ದನ್ನು ಚಕ್ರಗಳೇ ಹರಡುತ್ತವೆ. ಪೆನ್ಸಿಲ್ಲೂ ನಡೆಯುತ್ತದೆ, ಆದರೆ ಅದರ ಸೀಸದಲ್ಲಿ ಜೇಡಿಮಣ್ಣು ಬೆರೆತಿರುತ್ತದೆ, 6ಬಿಗಿಂತ ಗಟ್ಟಿಯದು ಬೇಡ. ಬಾಳಿಕೆಯಲ್ಲಿ ಇದರ ಹತ್ತಿರ ಯಾವುದೂ ಬರಲಿಲ್ಲ. ಪಕ್ಕದ ಸುತ್ತು ಮಿಣುಕಲು ಶುರು ಮಾಡಿದ ಮೇಲೂ ಇಲ್ಲಿ ಆ ಹಳೆಯ ಎಂಜಿನ್ ಎಡವದೆ ತೆವಳುತ್ತಿತ್ತು.

ಒಂದು ಕಡೆ ಅದು ಸೋತಿತು, ಏರಿನಲ್ಲಿ. ಗ್ರಾಫೈಟ್ ಜಾರಿಸುವ ವಸ್ತು ಕೂಡ, ಅಲ್ವಾ? ಉದ್ದನೆಯ ಗೂಡ್ಸ್ ಕಟ್ಟಿದಾಗ ಎಂಜಿನ್ ನಿಂತಲ್ಲೇ ಚಕ್ರ ತಿರುಗಿಸಿತು. ಏರಿಗೆ ಹಚ್ಚದೆ ಸಮತಟ್ಟಿಗಷ್ಟೇ ಹಚ್ಚುವುದು ಸರಿ. ಆದರೂ ಚಕ್ರಗಳು ಸ್ವಲ್ಪ ಒಯ್ಯುತ್ತವೆ, ಅದಕ್ಕೇ ಕೈ ಬಿಗಿ ಇರಬೇಕು. ಪಾಯಿಂಟ್ಸಿನ ಫ್ರಾಗ್ (ಎರಡು ಹಳಿ ಅಡ್ಡ ಹಾಯುವ ಮೂಲೆ) ಮತ್ತು ಹಳಿ ಕತ್ತರಿಸಿ ಬಿಟ್ಟ ಸಂದುಗಳಿಂದಲೂ ದೂರವಿಡಿ. ಕರೆಂಟ್ ದಾಟಬಾರದು ಅಂತಲೇ ಇರುವ ಜಾಗಗಳು ಅವು.

ಒರೆಸುವ ವ್ಯಾಗನ್‌ಗಳನ್ನೂ ನೋಡಿದೆ. ವ್ಯಾಗನ್ನಿನ ಅಡಿಗೆ ಹಾರ್ಡ್‌ಬೋರ್ಡಿನ ತುಂಡೊಂದನ್ನು ಸಡಿಲವಾಗಿ ತೂಗಿಬಿಟ್ಟು, ಒರಟು ಮುಖ ಹಳಿಗೆ ತಾಗುವ ಹಾಗೆ ಎಳೆಸುವುದು ಹಳೆಯ ಉಪಾಯ. ಕೈಯಲ್ಲೇ ಮಾಡಿಕೊಳ್ಳಬಹುದು. ಗಟ್ಟಿ ಮಸಿ ಅದಕ್ಕೆ ಬಗ್ಗುವುದಿಲ್ಲ, ಆದರೆ ದಿನದಿನದ ಧೂಳಿಗೆ ಚೆನ್ನಾಗಿದೆ. ಕೈ ಹೋಗದ ಸುರಂಗಕ್ಕೆ ಬೇರೆ ದಾರಿಯೂ ಇಲ್ಲ. ತುಂಡಿನ ಅಂಚನ್ನು ದುಂಡಗೆ ಮಾಡದಿದ್ದರೆ ಪಾಯಿಂಟ್ಸಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಗಾಗ ಅದನ್ನೂ ಉಜ್ಜಿ ಶುಚಿ ಮಾಡಬೇಕು, ಇಲ್ಲದಿದ್ದರೆ ಕೊಳೆಯನ್ನು ಊರೆಲ್ಲ ಹಂಚುತ್ತದೆ. ದ್ರವದ ತೊಟ್ಟಿ ಇರುವ ವ್ಯಾಗನ್ ದೊಡ್ಡ ಲೇಔಟಿಗೆ ಒಪ್ಪುತ್ತದೆ, ನನ್ನ ಎರಡು ಸುತ್ತಿಗೆ ಅತಿಯಾಯಿತು. ಧೂಳು ಹೀರುವ ಮೋಟಾರ್ ವ್ಯಾಗನ್ ಧೂಳನ್ನಷ್ಟೇ ಹೀರುತ್ತದೆ, ಮಸಿ ಇದ್ದಲ್ಲೇ ಇರುತ್ತದೆ.

ಇಷ್ಟೆಲ್ಲ ಹೇಳಿದರೂ, ಹಳಿಗೆ ಏನು ಹಚ್ಚಿದೆ ಅನ್ನುವುದಕ್ಕಿಂತ ದೊಡ್ಡ ವ್ಯತ್ಯಾಸ ಕಂಡಿದ್ದು ಚಕ್ರದಲ್ಲಿ. ಶುಚಿಯಾದ ಸುತ್ತಿನ ಮೇಲೆ ಕೊಳೆ ಚಕ್ರದ ಡಬ್ಬಿಗಳನ್ನು ಬಿಟ್ಟರೆ ಕೆಲವೇ ಸುತ್ತಿಗೆ ಹಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಪ್ಲಾಸ್ಟಿಕ್ ಚಕ್ರಗಳು ಇದರಲ್ಲಿ ಎಲ್ಲಕ್ಕಿಂತ ಕೆಟ್ಟವು, ಮಸಿ ಅವುಗಳ ಮೇಲೆ ಗಟ್ಟಿಯಾಗಿ ಕೂರುತ್ತದೆ. ಅವನ್ನು ತೆಗೆದು ಲೋಹದ ಚಕ್ರ ಹಾಕಿದ ಮೇಲೆ ಒರೆಸುವ ಕೆಲಸವೇ ಕಡಿಮೆಯಾಯಿತು. ಎಂಜಿನ್ ಚಕ್ರಕ್ಕೆ ಸುಲಭದ ದಾರಿ ಇದೆ. ಆಲ್ಕೊಹಾಲಿನಲ್ಲಿ ನೆನೆಸಿದ ಟಿಶ್ಯೂವನ್ನು ಹಳಿಗಳ ಮೇಲೆ ಅಡ್ಡ ಹಾಸಿ. ಎಂಜಿನ್ನಿನ ಒಂದು ತುದಿಯ ಚಕ್ರಗಳನ್ನು ಅದರ ಮೇಲಿಟ್ಟು, ಇನ್ನೊಂದು ತುದಿಯವು ಬರಿ ಹಳಿಯಿಂದ ಕರೆಂಟ್ ಪಡೆಯಲಿ. ಕೈಯಲ್ಲಿ ಹಿಡಿದುಕೊಂಡು ತಿರುಗಲು ಬಿಡಿ, ಆಮೇಲೆ ಎಂಜಿನ್ ತಿರುಗಿಸಿ ಇನ್ನೊಂದು ತುದಿ. ಆಲ್ಕೊಹಾಲ್ ನನ್ನಲ್ಲಿ ಈಗ ಈ ಕೆಲಸಕ್ಕೇ ಮೀಸಲು.

ಎಚ್‌ಓಗಿಂತ ಚಿಕ್ಕದಾದ ಎನ್ ಸ್ಕೇಲಿನವರಿಗೆ ಇವೆಲ್ಲ ಇನ್ನೂ ಮುಖ್ಯ. 9 ಮಿ.ಮೀ. ಹಳಿಯ ಮೇಲೆ ಎಂಜಿನ್ ತೂಕವೇ ಕಡಿಮೆ, ಚಕ್ರ ಒತ್ತಿ ಹಿಡಿಯುವುದಿಲ್ಲ. ತೋಟದಲ್ಲಿ ಹಿತ್ತಾಳೆ ಹಳಿ ಹಾಕಿದವರ ಲೆಕ್ಕ ಬೇರೆ, ಮಳೆಬಿಸಿಲಿಗೆ ಬಿದ್ದ ಹಳಿಗೆ ಉಜ್ಜುವುದು ಅನಿವಾರ್ಯ.

ಇನ್ನು ಎಷ್ಟು ಒರೆಸಿದರೂ ಎಂಜಿನ್ ಅದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಬಟ್ಟೆ ಕೆಳಗಿಟ್ಟು ಮಲ್ಟಿಮೀಟರ್ ತೆಗೆದುಕೊಳ್ಳಿ. ಹಳಿಗಳನ್ನು ಜೋಡಿಸುವ ಪಟ್ಟಿ ಸಡಿಲವಾಗಿ ವೋಲ್ಟೇಜ್ ಇಳಿದಿರಬಹುದು. ಹಾಗಿದ್ದರೆ ಅಲ್ಲಿಗೆ ಬೇರೆಯದೇ ವೈರ್ ಬೆಸುಗೆ ಹಾಕಿದರೆ ಕೆಲಸ ಮುಗಿಯಿತು.