ಲಿನಕ್ಸ್ ಸಹಾಯ ಎಲ್ಲಿ ಕೇಳಬೇಕು? ಒಂದೇ ಪ್ರಿಂಟರ್, ಐದು ಬಾಗಿಲು

ಮಂಡ್ಯ, ಮೈಸೂರಿನ ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ವಕೀಲರ ಆಫೀಸುಗಳಲ್ಲಿ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಇನ್ನೂ ದುಡಿಯುತ್ತಿದೆ. ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿಕೊಂಡವರು ಮೊದಲು ಎಡವುವುದೂ ಇದರ ಹತ್ತಿರವೇ. ಹಾಗಾಗಿ ಹೋಲಿಕೆಗೆ ಇದನ್ನೇ ಆರಿಸಿಕೊಂಡಿದ್ದೇವೆ. ಮಿಂಟ್, ಉಬುಂಟು, ಡೆಬಿಯನ್, ಆರ್ಚ್ ಇವು ಲಿನಕ್ಸಿನ ಬೇರೆ ಬೇರೆ ರೂಪಗಳು. ಲಿನಕ್ಸ್ ಮಿಂಟ್ ಫೋರಂ, ಆಸ್ಕ್ ಉಬುಂಟು ತಾಣ, ಡೆಬಿಯನ್, ಆರ್ಚ್, ಊರಿನ ಟೆಲಿಗ್ರಾಂ ಗುಂಪು: ಈ ಐದು ಕಡೆ ಹೊಸಬರು ಇಂಥ ಪ್ರಶ್ನೆ ಇಟ್ಟರೆ ಏನಾಗುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ. ಯಾರು ಒಳ್ಳೆಯವರು, ಯಾರು ಸಿಡುಕರು ಎಂಬ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಉತ್ತರ ಕೊಡುವ ಮುಂಚೆ ಅವರು ನಿಮ್ಮಿಂದ ಏನು ಕೇಳುತ್ತಾರೆ, ಕೊಟ್ಟ ಉತ್ತರ ಮುಂದಿನವರಿಗೆ ಸಿಗುವ ಹಾಗೆ ಉಳಿಯುತ್ತದೆಯೇ, ಇವೆರಡೇ ಲೆಕ್ಕಕ್ಕೆ ಬರುವುದು.

ಮೊದಲು ರೋಗ ಏನೆಂದು ತಿಳಿದಿರಲಿ. ಪುಟ ವಿವರಿಸುವ ಸಾಮಾನ್ಯ ಭಾಷೆಗಳಲ್ಲಿ ಈ ಪ್ರಿಂಟರಿಗೆ ಪೋಸ್ಟ್‌ಸ್ಕ್ರಿಪ್ಟ್ ಬರುವುದಿಲ್ಲ, ಪಿಸಿಎಲ್ ಬರುವುದಿಲ್ಲ; ಕ್ಯಾನನ್‌ನ ಸ್ವಂತ ಕ್ಯಾಪ್ಟ್ ಮಾತ್ರ ಬರುತ್ತದೆ. ಪುಟವನ್ನು ಚುಕ್ಕಿಗಳಾಗಿ ಬಿಡಿಸಿಕೊಡುವ ಕೆಲಸ ಕಂಪ್ಯೂಟರಿನ ತಲೆಗೇ ಬೀಳುತ್ತದೆ. ಆ ಕೆಲಸ ಮಾಡುವ ಲಿನಕ್ಸ್ ಡ್ರೈವರನ್ನು ಕ್ಯಾನನ್ ಕೊಟ್ಟಿದೆ, ಆದರೆ ಅದರ ಕೆಲವು ಭಾಗಗಳ ಸೋರ್ಸ್ ಮುಚ್ಚಿಟ್ಟಿದೆ. 64 ಬಿಟ್ ಯಂತ್ರದಲ್ಲೂ ಅದಕ್ಕೆ 32 ಬಿಟ್ ಲೈಬ್ರರಿಗಳು ಬೇಕು. ಜೊತೆಗೆ ಸಿಸಿಪಿಡಿ ಎಂಬ ಸೇವೆ ಹಿಂದೆ ಓಡುತ್ತಲೇ ಇರಬೇಕು. ಅದರ ಸ್ಟೇಟಸ್ ಕೇಳಿದಾಗ ಎರಡು ಪ್ರೋಸೆಸ್ ಸಂಖ್ಯೆ ಕಾಣಬೇಕು. ಒಂದೇ ಕಂಡರೆ ಪ್ರಿಂಟ್ ಬರುವುದಿಲ್ಲ. ಇನ್ನೊಂದು ಎಡವಟ್ಟು ಕ್ಯೂನದು, ಎಂದರೆ ಪ್ರಿಂಟ್ ಕೆಲಸಗಳ ಸಾಲಿನದು. ಯುಎಸ್‌ಬಿ ಚುಚ್ಚಿದ ಕೂಡಲೇ ಲಿನಕ್ಸಿನ ಪ್ರಿಂಟ್ ವ್ಯವಸ್ಥೆಯಾದ ಕಪ್ಸ್ ತಾನೇ ಒಂದು ಕ್ಯೂ ಮಾಡಿಕೊಂಡುಬಿಡುತ್ತದೆ. ಕ್ಯಾನನ್ ಡ್ರೈವರಿಗೆ ಬೇಕಾದದ್ದು ಅದಲ್ಲ, ಸಿಸಿಪಿ ವಿಳಾಸ ಇರುವ ಬೇರೆ ಕ್ಯೂ. ಎರಡೂ ಒಟ್ಟಿಗಿದ್ದರೆ ಜನ ತಪ್ಪಾದದ್ದಕ್ಕೇ ಪ್ರಿಂಟ್ ಕೊಡುತ್ತಾರೆ. ವೈರನ್ನು ಇನ್ನೊಂದು ಪೋರ್ಟಿಗೆ ಬದಲಿಸಿದರೆ ಸಾಧನದ ಹೆಸರಿನ ಕೊನೆಯ ಅಂಕಿ 0 ಇದ್ದದ್ದು 1 ಆಗಿ, ನಿನ್ನೆ ನಡೆದದ್ದು ಇವತ್ತು ನಡೆಯದೆ ಹೋಗಬಹುದು.

ಇಷ್ಟೆಲ್ಲ ಒಳಸುಳಿ ಇರುವ ಕಡೆ "ರೆಸ್ಪೆಕ್ಟೆಡ್ ಸರ್, ಪ್ರಿಂಟರ್ ನಾಟ್ ವರ್ಕಿಂಗ್, ವೆರಿ ಅರ್ಜೆಂಟ್" ಎಂದು ಬರೆದರೆ ಐದೂ ಕಡೆ ಕೈಗೆ ಏನೂ ಸಿಗುವುದಿಲ್ಲ. ನಮ್ಮ ಕಡೆ ಇದು ಮರ್ಯಾದೆಯ ಮಾತು, ಯಾರ ತಪ್ಪೂ ಅಲ್ಲ. ಆದರೆ ಶೀರ್ಷಿಕೆಯ ಜಾಗವನ್ನೆಲ್ಲ ಮರ್ಯಾದೆಯೇ ತಿಂದುಬಿಟ್ಟರೆ ಪ್ರಿಂಟರ್ ಬಲ್ಲವನ ಕಣ್ಣಿಗೆ ಆ ಪ್ರಶ್ನೆ ಬೀಳುವುದೇ ಇಲ್ಲ. ಅದೇ ಪ್ರಶ್ನೆಯನ್ನು ಹೀಗೆ ಕೇಳಬಹುದು. ಶೀರ್ಷಿಕೆ: "ಮಿಂಟ್ 22, ಕ್ಯಾನನ್ ಎಲ್‌ಬಿಪಿ 2900, ರೀಬೂಟ್ ಆದ ಮೇಲೆ ಜಾಬ್ ಕ್ಯೂನಲ್ಲೇ ನಿಲ್ಲುತ್ತದೆ". ಒಳಗೆ: ಡ್ರೈವರ್ ಎಲ್ಲಿಂದ ಇಳಿಸಿದಿರಿ, ಯಾವ ಆವೃತ್ತಿ, ಸಿಸಿಪಿಡಿ ಸ್ಟೇಟಸ್ ಏನು ತೋರಿಸಿತು, ಯುಎಸ್‌ಬಿ ಸಾಧನ ಮತ್ತು ಪ್ರಿಂಟ್ ಕ್ಯೂ ತೋರಿಸುವ ಎಲ್‌ಎಸ್‌ಯುಎಸ್‌ಬಿ ಮತ್ತು ಎಲ್‌ಪಿಸ್ಟ್ಯಾಟ್ ಆದೇಶಗಳು ಕೊಟ್ಟದ್ದು, ಅಕ್ಷರವಾಗಿ, ಮೊಬೈಲಿನಲ್ಲಿ ತೆಗೆದ ಫೋಟೋ ಆಗಿ ಅಲ್ಲ, ರೀಬೂಟಿಗೆ ಮುಂಚೆ ನಡೆಯುತ್ತಿತ್ತೇ, ಇದುವರೆಗೆ ಏನೇನು ಮಾಡಿ ನೋಡಿದಿರಿ. ಇಂಗ್ಲಿಷ್ ಸರಾಗ ಇರಬೇಕಿಲ್ಲ. ಎರರ್ ಸಾಲನ್ನು ಒಂದಕ್ಷರ ಬದಲಿಸದೆ ಅಂಟಿಸಿದರೆ ಸಾಕು, ವ್ಯಾಕರಣ ಕುಂಟಿದರೂ ಯಾರೂ ತಕರಾರು ಮಾಡುವುದಿಲ್ಲ.

ಮಿಂಟ್ ಫೋರಂನಲ್ಲಿ ಹೊಸಬರಿಗೆ ತಾಳ್ಮೆ ಹೆಚ್ಚು. ಸಿಗುವ ಮೊದಲ ಉತ್ತರ ಬಹುತೇಕ ಒಂದೇ: ಇಂಕ್ಸಿ ವರದಿ, ಎಂದರೆ ನಿಮ್ಮ ಕಂಪ್ಯೂಟರಿನ ವಿವರಗಳ ಪಟ್ಟಿ, ಕೊಡಿ. ಆದೇಶ ಟೈಪ್ ಮಾಡುವ ಟರ್ಮಿನಲ್ ಕಂಡರೆ ಹೆದರುವವರು ಮೆನುವಿನಲ್ಲಿ ಸಿಸ್ಟಂ ರಿಪೋರ್ಟ್ಸ್ ತೆರೆದು, ಸಿಸ್ಟಂ ಇನ್‌ಫರ್ಮೇಶನ್ ಪುಟದಿಂದ ಕಾಪಿ ಮಾಡಿ ಅಂಟಿಸಿದರೆ ಅದೇ ಮಾಹಿತಿ ಹೋಗುತ್ತದೆ. ಅಂಟಿಸುವಾಗ ಕೋಡ್ ಗುಂಡಿ ಒತ್ತುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಸಾಲುಗಳು ಕಲಸಿಕೊಂಡು ಯಾರಿಗೂ ಓದಲಾಗುವುದಿಲ್ಲ. ಇಲ್ಲಿನ ಕೊರತೆ ಆಳದ್ದು. ಮೂರು ನಾಲ್ಕು ಜನ ಮೂರು ನಾಲ್ಕು ದಾರಿ ಹೇಳುತ್ತಾರೆ, ಕಾರಣ ಹೇಳುವವರು ಕಮ್ಮಿ. ಎಲ್ಲರ ಮಾತನ್ನೂ ಒಟ್ಟಿಗೆ ಮಾಡಿದರೆ ಡ್ರೈವರ್ ಎರಡು ಸಲ ಇನ್‌ಸ್ಟಾಲ್ ಆಗಿ ಮೊದಲಿಗಿಂತ ಹೆಚ್ಚು ಕೆಡುತ್ತದೆ. ಒಬ್ಬರ ಸಲಹೆ ಮುಗಿಸಿ, ಫಲಿತಾಂಶ ಬರೆದು, ಆಮೇಲೆ ಮುಂದಿನದಕ್ಕೆ ಹೋಗಿ. ಪ್ರಶ್ನೆ ಹಾಕಿ ಆರು ತಿಂಗಳಾದರೆ ಆ ಚರ್ಚೆಯ ಎಳೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಹಳೆಯದಕ್ಕೆ ಜೋತು ಬೀಳದೆ ಹೊಸ ಪ್ರಶ್ನೆ ತೆರೆದು ಹಳೆಯದರ ಲಿಂಕ್ ಕೊಡುವುದು ಸರಿಯಾದ ಕ್ರಮ.

ಆಸ್ಕ್ ಉಬುಂಟು 2010ರಲ್ಲಿ ಶುರುವಾದದ್ದು. ಅದು ಹರಟೆಯ ಜಾಗವಲ್ಲ, ಪ್ರಶ್ನೋತ್ತರದ ಕಡತ. ಹೊಸಬರ ಮನಸ್ಸಿಗೆ ಹೆಚ್ಚು ನೋವಾಗುವುದು ಇಲ್ಲೇ. ಆ ನೋವಿನ ಬಹುಪಾಲು ಯಾರದೋ ಸಿಡುಕಿನಿಂದ ಬಂದದ್ದಲ್ಲ, ವ್ಯವಸ್ಥೆಯಿಂದ ಬಂದದ್ದು. ಹೊಸ ಖಾತೆಗೆ 1 ಅಂಕ ಇರುತ್ತದೆ. ಪ್ರಶ್ನೆ ಕೇಳಬಹುದು, ಉತ್ತರ ಬರೆಯಬಹುದು. ಬೇರೆಯವರ ಬರಹದ ಕೆಳಗೆ ಕಾಮೆಂಟ್ ಹಾಕಲು 50 ಅಂಕ ಬೇಕು. ಹಾಗಾಗಿ "ನನಗೂ ಇದೇ ತೊಂದರೆ" ಎನ್ನುವವರು ಅದನ್ನು ಉತ್ತರದ ಪೆಟ್ಟಿಗೆಯಲ್ಲಿ ಬರೆಯುತ್ತಾರೆ, ಅದು ಅಳಿಸಿಹೋಗುತ್ತದೆ, ಅವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಮಿಂಟ್ ಬಳಸುವವರ ಪ್ರಶ್ನೆ ಇಲ್ಲಿ ನಡೆಯುವುದಿಲ್ಲ. ಮಿಂಟಿನ ಬುಡ ಉಬುಂಟುವೇ ಆದರೂ ಉಬುಂಟು ಮತ್ತು ಅದರ ಅಧಿಕೃತ ರೂಪಗಳಿಗೆ ಮಾತ್ರ ಪ್ರವೇಶ. ಬೆಂಬಲ ಮುಗಿದ ಆವೃತ್ತಿಗೂ ಬಾಗಿಲು ಹಾಕಿದೆ.

"ಈ ಪ್ರಶ್ನೆ ಈಗಾಗಲೇ ಇದೆ" ಎಂದು ಮುಚ್ಚಿದರೆ ಅದು ಬೈಗುಳವೂ ಅಲ್ಲ, ಕೊನೆಯ ತೀರ್ಪೂ ಅಲ್ಲ. ಎಲ್‌ಬಿಪಿ 2900 ವಿಷಯದಲ್ಲಿ ಹೀಗಾಗುವುದು ಸಹಜ, ಏಕೆಂದರೆ ಹಳೆಯ ಉತ್ತರಗಳು ಬೇಕಾದಷ್ಟಿವೆ. ತೊಂದರೆಯೆಂದರೆ ಹತ್ತು ವರ್ಷದ ಹಿಂದಿನ ಉತ್ತರ ಆಗ ಬಿದ್ದ ಮತಗಳ ಬಲದಿಂದ ಇವತ್ತೂ ಮೇಲೇ ಕೂತಿರುತ್ತದೆ. ಅಂಥ ಉತ್ತರವನ್ನು ಮಾಡಿ ನೋಡಿ, ಎಷ್ಟನೇ ಹೆಜ್ಜೆಯಲ್ಲಿ ಯಾವ ಎರರ್ ಬಂತು, ನಿಮ್ಮದು ಉಬುಂಟು 24.04 ಆದ್ದರಿಂದ ಯಾವ ಪ್ಯಾಕೇಜಿನ ಹೆಸರು ಸಿಗಲಿಲ್ಲ ಎಂದು ನಿಮ್ಮ ಪ್ರಶ್ನೆಯನ್ನೇ ತಿದ್ದಿ. ತಿದ್ದಿದ ಪ್ರಶ್ನೆ ಮರುಪರಿಶೀಲನೆಗೆ ಹೋಗುತ್ತದೆ. ಇಷ್ಟು ಕಷ್ಟ ಪಡುವುದು ಯಾಕೆಂದರೆ, ಇಲ್ಲಿ ಸಿಕ್ಕ ಉತ್ತರವೇ ನಾಳೆ ಗೂಗಲ್‌ನಲ್ಲಿ ಹುಡುಕಿದವರಿಗೆ ಮೊದಲು ಸಿಗುವುದು.

ಡೆಬಿಯನ್‌ಗೆ ಎರಡು ಬಾಗಿಲು, ಟೈಪ್ ಮಾಡಿ ಮಾತಾಡುವ ಐಆರ್‌ಸಿ ಮತ್ತು ಮೇಲಿಂಗ್ ಲಿಸ್ಟ್; ಎರಡರ ರೀತಿಯೂ ಬೇರೆ. ಓಎಫ್‌ಟಿಸಿ ಜಾಲದ ಐಆರ್‌ಸಿ ಚಾನೆಲ್‌ಗೆ ಹೋದರೆ "ಒಂದು ಪ್ರಶ್ನೆ ಕೇಳಲಾ?" ಎಂದು ಅನುಮತಿ ಬೇಡಬೇಡಿ, ನೇರ ಪ್ರಶ್ನೆ ಹಾಕಿ. ನಿಮಗೆ ಒರಟಾಗಿ ಉತ್ತರಿಸಿದ್ದು ಮನುಷ್ಯನೇ ಅಲ್ಲದಿರಬಹುದು. ಅಲ್ಲಿ ಡಿಪಿಕೆಜಿ ಎಂಬ ಹೆಸರಿನ ಬಾಟ್ ಇದೆ. ಯಾರೋ ಒಂದು ಪದ ಒತ್ತಿದರೆ ಅದು ಸಿದ್ಧ ಉತ್ತರ ಉದುರಿಸುತ್ತದೆ. ಉದ್ದದ ಎರರನ್ನು ಚಾನೆಲ್ಲಿಗೆ ಸುರಿದರೆ ಹೊರದಬ್ಬಿಸಿಕೊಳ್ಳಬಹುದು, ಅದನ್ನು ಡೆಬಿಯನ್‌ನ ಪೇಸ್ಟ್ ತಾಣದಲ್ಲಿ ಹಾಕಿ ಲಿಂಕ್ ಕೊಡಿ. ಕೇಳಿದ ಎರಡೇ ನಿಮಿಷಕ್ಕೆ ಎದ್ದು ಹೋಗುವವರಿಗೆ ಐಆರ್‌ಸಿ ಹೊಂದುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ನಮ್ಮ ಅಂಗಡಿ ತೆರೆಯುವಾಗ ಯುರೋಪ್ ಇನ್ನೂ ಹಾಸಿಗೆಯಲ್ಲಿರುತ್ತದೆ, ಅಮೆರಿಕ ಮಲಗುವ ಹೊತ್ತು. ಸಂಜೆ ಆರರಿಂದ ಹನ್ನೊಂದರವರೆಗೆ ಎರಡೂ ಕಡೆಯವರು ಎದ್ದಿರುತ್ತಾರೆ. ಮಧ್ಯೆ ಕರೆಂಟ್ ಹೋಗಿ ರೂಟರ್ ಆರಿದರೆ ಆ ಹೊತ್ತಿನಲ್ಲಿ ಬಂದ ಉತ್ತರ ನಿಮಗೆ ಸಿಗುವುದಿಲ್ಲ, ಸಾಮಾನ್ಯ ಐಆರ್‌ಸಿಯಲ್ಲಿ ಹಿಂದಿನ ಮಾತು ಉಳಿಯುವುದಿಲ್ಲ. ಮಂಡ್ಯದ ಬೇಸಿಗೆಗೆ ಇದು ಸಣ್ಣ ವಿಷಯವಲ್ಲ.

ಆದ್ದರಿಂದ ನಮ್ಮ ಮತ ಡೆಬಿಯನ್ ಬಳಕೆದಾರರ ಮೇಲಿಂಗ್ ಲಿಸ್ಟಿಗೆ. ಕಾರಣ ಬಿಡಿಸಿ ಹೇಳುವವರು ಅಲ್ಲಿದ್ದಾರೆ. ಕಪ್ಸ್‌ನ ಎರರ್ ಲಾಗ್ ಕೊಟ್ಟರೆ ಭದ್ರತೆ ಕಾಯುವ ಆಪ್‌ಆರ್ಮರ್ ತಡೆದದ್ದೋ ಪುಟವನ್ನು ಪ್ರಿಂಟರಿಗೆ ಹೊಂದಿಸುವ ಫಿಲ್ಟರ್ ಸತ್ತದ್ದೋ ಎಂದು ಬೇರ್ಪಡಿಸಿ ತೋರಿಸುತ್ತಾರೆ. ಕೆಲವು ಸಲ ಮಾತು "ಇಂಥ ಪ್ರಿಂಟರ್ ಯಾಕೆ ಕೊಂಡಿರಿ" ಎಂಬ ಕಡೆ ಹರಿಯುತ್ತದೆ, ಹರಿಯಲು ಬಿಡಿ. ಮೇಲ್ ಸಾದಾ ಅಕ್ಷರದಲ್ಲಿರಲಿ, ಎಚ್‌ಟಿಎಂಎಲ್ ಬೇಡ. ಉತ್ತರಿಸುವಾಗ ಅವರ ಸಾಲಿನ ಕೆಳಗೆ ನಿಮ್ಮ ಮಾತು ಬರೆಯಿರಿ. ಲಿಸ್ಟಿಗೆ ಸೇರದೆ ಬರೆಯುವುದಾದರೆ ನಿಮಗೂ ಪ್ರತಿ ಕಳಿಸಿ ಎಂದು ಹೇಳಿ, ಕೇಳದಿದ್ದರೆ ಕಳಿಸದಿರುವುದೇ ಅಲ್ಲಿನ ನಿಯಮ. ಮೇಲ್‌ನ ಅಡಿಯಲ್ಲಿ ಅಂಗಡಿಯ ಹೆಸರು, ಫೋನ್ ನಂಬರ್ ತಾನಾಗಿ ಸೇರುವಂತಿದ್ದರೆ ಮೊದಲು ತೆಗೆಯಿರಿ. ಪತ್ರಗಳೆಲ್ಲ ಸಾರ್ವಜನಿಕ ಕಡತದಲ್ಲಿ ಉಳಿಯುತ್ತವೆ.

ಡೆಬಿಯನ್ ಒರಟು ಎಂಬ ಹೆಸರಿಗೆ ವೈಫೈ ಪ್ರಶ್ನೆಗಳೂ ಒಂದು ಕಾರಣವಾಗಿದ್ದವು. ಅಧಿಕೃತ ಇನ್‌ಸ್ಟಾಲರಿನಲ್ಲಿ ವೈಫೈನಂಥ ಚಿಪ್‌ಗಳು ಓಡಲು ಬೇಕಾದ, ಸೋರ್ಸ್ ಮುಕ್ತವಲ್ಲದ ಫರ್ಮ್‌ವೇರ್ ಇರಲಿಲ್ಲ, ಕೇಳಿದವರಿಗೆಲ್ಲ ಅದೇ ಉಪದೇಶ. 2022ರಲ್ಲಿ ಮತ ಹಾಕಿ ಆ ನೀತಿ ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರಿನ ಜೊತೆಗೇ ಬರುತ್ತಿದೆ. ಪ್ರಶ್ನೆಯೇ ಹುಟ್ಟದ ಮೇಲೆ ಉಪದೇಶಕ್ಕೆ ಎಡೆಯಿಲ್ಲ.

ಆರ್ಚ್ ಬಗ್ಗೆ ಚುಟುಕಾಗಿ: ವಿಕಿ ಓದಿ, ಫೋರಂನಲ್ಲಿ ಕೇಳಬೇಡಿ, ಆರ್ಚ್ ಬಳಸುವವರಾಗಿದ್ದರೆ ಹೊರತು. ಖಾತೆ ತೆರೆಯುವಾಗಲೇ ಟರ್ಮಿನಲ್ ಆದೇಶವೊಂದನ್ನು ಕೊಟ್ಟು ಅದರ ಫಲಿತಾಂಶ ಬರೆಯಲು ಹೇಳುತ್ತಾರೆ. ಆರ್ಚ್‌ನಿಂದ ಹುಟ್ಟಿದ ಮಂಜಾರೊ ಬಳಸುತ್ತಿದ್ದೇನೆ ಎಂದ ಕೂಡಲೇ ಮಂಜಾರೊದ ಫೋರಂಗೆ ಹೋಗಿ ಎನ್ನುತ್ತಾರೆ. ಉತ್ತರ ಸಿಗಲಿಲ್ಲವೆಂದು "ಯಾರಾದರೂ ಇದ್ದೀರಾ?" ಎಂದು ಎಳೆಯನ್ನು ಮೇಲೆತ್ತಿದರೂ ತಪ್ಪು. ಆದರೆ ಆ ವಿಕಿ ಬರೆದವರೂ ಇವರೇ. ಅದರಲ್ಲಿನ ಕಪ್ಸ್ ದೋಷಪತ್ತೆಯ ಪುಟ ಉಬುಂಟು, ಮಿಂಟ್‌ನವರಿಗೂ ಅಷ್ಟೇ ಉಪಯೋಗ, ಪ್ಯಾಕೇಜ್ ಹೆಸರುಗಳು ಮಾತ್ರ ಬೇರೆ.

ಊರಿನ ಟೆಲಿಗ್ರಾಂ, ವಾಟ್ಸಾಪ್ ಗುಂಪುಗಳ ಬಲ ಕನ್ನಡ. ಬಾಯಲ್ಲಿ ಹೇಳಿ ವಾಯ್ಸ್ ಮೆಸೇಜ್ ಕಳಿಸಬಹುದು, ಸರಸ್ವತಿಪುರಂನ ಯಾರ ಬಳಿಯೋ ಇದೇ ಪ್ರಿಂಟರ್ ಇದ್ದರೆ "ಅಣ್ಣ, ಬಂದು ನೋಡಿ" ಎನ್ನಬಹುದು. ಉತ್ತರ ಐದು ನಿಮಿಷದಲ್ಲಿ ಬರುತ್ತದೆ, ಮಾರನೆಯ ದಿನ ಗುಡ್ ಮಾರ್ನಿಂಗ್ ಚಿತ್ರಗಳ ಅಡಿ ಮುಳುಗಿಹೋಗುತ್ತದೆ. ಅಪಾಯ ಬೇರೆ ಕಡೆಯಿದೆ. ಪರ್ಮಿಶನ್ ಎಲ್ಲ 777 (ಯಾರು ಬೇಕಾದರೂ ತಿದ್ದುವಂತೆ) ಮಾಡಿ, ಈ ಸ್ಕ್ರಿಪ್ಟ್ ಸುಡೊ (ಪೂರ್ತಿ ಅಧಿಕಾರ) ಹಾಕಿ ಓಡಿಸಿ ಎನ್ನುವ ಸಲಹೆಗಳನ್ನು ತಡೆದು "ಬೇಡ" ಎನ್ನಲು ಆ ಹೊತ್ತಿಗೆ ಯಾರೂ ಇರುವುದಿಲ್ಲ. ದೂರದಿಂದ ನಿಮ್ಮ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನ ನಂಬರ್ ಕೊಡಿ ಎಂದರೆ ಯೋಚಿಸಿ: ಜೆರಾಕ್ಸ್ ಅಂಗಡಿಯ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಊರವರ ಆಧಾರ್, ಪಹಣಿ, ಅಫಿಡವಿಟ್ ಎಲ್ಲ ಇರುತ್ತವೆ.

ಹೊಸಬರು ಮಿಂಟ್ ಹಾಕಿ ಮಿಂಟ್ ಫೋರಂನಲ್ಲಿ ಕೇಳಲಿ. ಉಬುಂಟು ಇದ್ದು, ಎರರ್ ಸಾಲು ಖಚಿತವಾಗಿ ಕೈಯಲ್ಲಿದ್ದರೆ ಆಸ್ಕ್ ಉಬುಂಟು. ಕಾರಣ ತಿಳಿಯಬೇಕು, ಎರಡು ದಿನ ಕಾಯಬಲ್ಲೆ ಎನ್ನುವ ಡೆಬಿಯನ್‌ನವರಿಗೆ ಲಿಸ್ಟ್. ಎಲ್ಲಾದರೂ ಒಂದೇ ಕಡೆ ಕೇಳಿ. ಒಂದೇ ಪ್ರಶ್ನೆ ನಾಲ್ಕು ಕಡೆ ಒಟ್ಟಿಗೆ ಹಾಕಿದರೆ ಬಿಡುವಿನ ಹೊತ್ತಿನಲ್ಲಿ ಪುಕ್ಕಟೆ ಕೆಲಸ ಮಾಡುವ ನಾಲ್ವರ ಸಮಯ ಹಾಳು, ಗೊತ್ತಾದರೆ ಮುನಿಸು. ಬೇರೆ ಕಡೆ ಹೋಗಲೇಬೇಕಾದರೆ ಮೊದಲ ಕಡೆ ತಿಳಿಸಿ, ಲಿಂಕ್ ಕೊಟ್ಟು ಹೋಗಿ.

ಒಂದು ಬಗೆಯ ಪ್ರಶ್ನೆಗೆ ಮಾತ್ರ ಈ ಐದೂ ಸರಿಹೋಗುವುದಿಲ್ಲ: ಕನ್ನಡ ಅಕ್ಷರ ಒಡೆಯುವುದು. ಲಿಬ್ರೆಆಫೀಸ್‌ನಲ್ಲಿ "ರ‍್ಯಾಂಕ್" ಎಂಬುದು ಅರ್ಕಾವತ್ತಾಗಿ ಮೂಡಿದರೆ, ಎದುರಿಗಿರುವ ಕನ್ನಡ ಬಾರದವರಿಗೆ ಯಾವುದು ಸರಿ, ಯಾವುದು ತಪ್ಪು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಇದನ್ನು ಲಿಬ್ರೆಆಫೀಸ್‌ನ ದೋಷ ವರದಿಯ ತಾಣವಾದ ಬಗ್‌ಜಿಲ್ಲಾದಲ್ಲಿ ಹಾಕಬೇಕು, ಇಲ್ಲಿ ಚಿತ್ರ ಬೇಕೇ ಬೇಕು: ಸರಿಯಾದ ರೂಪ, ತಪ್ಪು ರೂಪ ಅಕ್ಕಪಕ್ಕ. ಜೊತೆಗೆ ಒಂದೇ ಪದ ಇರುವ ಒಡಿಟಿ ಕಡತ, ಫಾಂಟಿನ ಹೆಸರು, ಒತ್ತಿದ ಅಕ್ಷರಗಳ ಕ್ರಮ: ರ, ಝೆಡ್‌ಡಬ್ಲ್ಯುಜೆ (ಕಣ್ಣಿಗೆ ಕಾಣದ, ಜೋಡಿಸುವ ಅಕ್ಷರ), ಹಲಂತ, ಯ. ಕೀಬೋರ್ಡ್ ಆ ಝೆಡ್‌ಡಬ್ಲ್ಯುಜೆ ಕಳಿಸದೆ ಇದ್ದರೆ ತಪ್ಪು ಲಿಬ್ರೆಆಫೀಸಿನದಲ್ಲ, ಆದ್ದರಿಂದ ಅದನ್ನು ಮೊದಲು ನೋಡಿಕೊಳ್ಳಿ. ವರದಿ ಹಾಕಿದ ಮೇಲೆ ಮೇಲ್ ಗಮನಿಸುತ್ತಿರಿ. ಹೆಚ್ಚಿನ ಮಾಹಿತಿ ಕೇಳಿ ಸ್ಥಿತಿಯನ್ನು ನೀಡ್‌ಇನ್ಫೊ ಎಂದು ಬದಲಿಸಿದಾಗ ನೀವು ಸುಮ್ಮನಿದ್ದರೆ ಆರು ತಿಂಗಳಿಗೆ ಒಂದು ನೆನಪೋಲೆ ಬರುತ್ತದೆ, ಮತ್ತೊಂದು ತಿಂಗಳಿಗೆ ವರದಿ ಮುಚ್ಚಿಹೋಗುತ್ತದೆ.