ಹಲ್ಲಿಗೆ ಪೆಟ್ಟಾದಾಗ ‘ಫೈನಲ್ ಸೆಟಲ್‌ಮೆಂಟ್’ ಕಾಗದಕ್ಕೆ ಆತುರದಲ್ಲಿ ಸಹಿ ಹಾಕಬೇಡಿ

ಬೇರೆಯವರ ಅಜಾಗರೂಕತೆಯಿಂದ ನಿಮ್ಮ ಹಲ್ಲಿಗೆ ಪೆಟ್ಟು ಬಿದ್ದಿದೆ, ಅವರ ಕಡೆಯವರು ತಾವಾಗಿಯೇ ಬೇಗ ದುಡ್ಡು ಕೊಡೋಕೆ ಬಂದಿದ್ದಾರೆ ಅಂದರೆ ಸ್ವಲ್ಪ ತಡೆಯಿರಿ. ನನ್ನ ತಮ್ಮನಿಗೆ ಆದದ್ದನ್ನು ಅವನಿಗೆ ಹೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ತಕರಾರು ಇನ್ನೂ ಮುಗಿದಿಲ್ಲ, ಹಾಗಾಗಿ ಯಾರ ಹೆಸರೂ ಬೇಡ.

ಜಿಮ್‌ನಲ್ಲಿ ತಲೆ ಮೇಲಿಂದ ಬಾರ್ ಎಳೆಯುವ ಮಷಿನ್ ಇರುತ್ತಲ್ಲ, ಅದರ ಕೇಬಲ್ ಕಿತ್ತುಹೋಗಿ ಬಾರ್ ನೇರವಾಗಿ ಅವನ ಬಾಯಿಗೆ ಬಡಿಯಿತು. ಮೇಲಿನ ಮುಂದಿನ ಎರಡು ಹಲ್ಲುಗಳಲ್ಲಿ ಬಲಗಡೆಯದು ಅರ್ಧಕ್ಕೆ ಮುರಿಯಿತು. ತುಟಿಗೆ ಹೊಲಿಗೆ ಬಿತ್ತು. ಎಡಗಡೆಯ ಹಲ್ಲು ನೋಡೋಕೆ ಚೆನ್ನಾಗೇ ಇತ್ತು. ವಸಡಿನ ಅಂಚಲ್ಲಿ ತೆಳ್ಳಗೆ ರಕ್ತ, ಬೆರಳಿಟ್ಟರೆ ಸ್ವಲ್ಪ ಅಲುಗಾಟ, ಅಷ್ಟೇ.

ಮುರಿದ ಹಲ್ಲಿಗೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು ಅಂದರು ಡೆಂಟಿಸ್ಟ್. ಪಕ್ಕದ ಹಲ್ಲಿನ ಬಗ್ಗೆ ‘ನೋಡೋಣ, ಗಟ್ಟಿಯಾಗುತ್ತೆ’ ಅಂದರು. ಆದರೆ ಆ ‘ನೋಡೋಣ’ ಅನ್ನೋದು ಬಾಯಿಮಾತಲ್ಲೇ ಉಳಿಯಿತು. ಚೀಟಿಯಲ್ಲಿ ಬರೆದದ್ದು ‘11 ಮುರಿದಿದೆ’ ಅಂತ ಮಾತ್ರ. ಹಲ್ಲಿನ ಡಾಕ್ಟರುಗಳು ಹಲ್ಲುಗಳನ್ನು ನಂಬರಲ್ಲಿ ಗುರುತಿಸುತ್ತಾರೆ. ಹೆಚ್ಚು ಕಡೆ ಬಳಕೆಯಲ್ಲಿರುವ ಪದ್ಧತಿಯಲ್ಲಿ ಮೇಲಿನ ಬಲಗಡೆ ಮುಂದಿನ ಹಲ್ಲು 11, ಎಡಗಡೆಯದು 21. ಆ ಚೀಟಿಯಲ್ಲಿ 21 ಎಲ್ಲೂ ಇರಲಿಲ್ಲ.

ಜಿಮ್‌ನ ಇನ್ಶೂರೆನ್ಸ್ ಕಡೆಯಿಂದ ಫೋನ್ ಮಾಡಿದವರು ಬಹಳ ಮರ್ಯಾದಸ್ಥರು. ಜಗಳ ಇಲ್ಲ, ಅನುಮಾನ ಇಲ್ಲ. ‘ಸರ್, ಬಿಲ್ ಕಳಿಸಿ, ಈ ವಾರವೇ ಅಕೌಂಟಿಗೆ ಹಾಕಿಬಿಡ್ತೀವಿ. ಒಂದು ಫಾರ್ಮ್ ಇದೆ, ಸುಮ್ನೆ ಫಾರ್ಮಾಲಿಟಿ.’ ಮೆದುವಾದ ಅನ್ನ ನುಂಗೋದೂ ಕಷ್ಟ ಅನ್ನುವ ಸ್ಥಿತಿಯಲ್ಲಿದ್ದವನು ಸಹಿ ಹಾಕಿ ಕಳಿಸಿದ. ಫಾರ್ಮಿನ ಕೊನೆಯಲ್ಲಿ ಇದ್ದದ್ದು ಇದು: ಈ ಘಟನೆಯಿಂದ ಈಗ ಆಗಿರುವ, ಮುಂದೆ ಆಗಬಹುದಾದ, ತಿಳಿದಿರುವ ಮತ್ತು ತಿಳಿಯದಿರುವ ಎಲ್ಲ ಗಾಯಗಳಿಗೂ ಈ ಮೊತ್ತವೇ ಪೂರ್ಣ ಮತ್ತು ಅಂತಿಮ ಪರಿಹಾರ.

‘ತಿಳಿಯದಿರುವ’. ಅವರ ಪೂರಾ ಲಾಭ ಇರೋದು ಅಲ್ಲೇ.

ವರ್ಷ ದಾಟಿದ ಮೇಲೆ ಆ ಎಡಗಡೆಯ ಹಲ್ಲಿನ ಬಣ್ಣ ತಿರುಗಿತು. ಮೊದಲು ಮಾಸಲು, ಆಮೇಲೆ ಬೂದು. ಫೋಟೋದಲ್ಲಿ ನಕ್ಕಾಗ ಅದೊಂದೇ ಎದ್ದು ಕಾಣುತ್ತಿತ್ತು. ನೋವು ಮಾತ್ರ ಇರಲಿಲ್ಲ. ಆಮೇಲೆ ವಸಡಿನ ಮೇಲೆ ಸಣ್ಣ ಗುಳ್ಳೆ ಎದ್ದಿತು, ಒತ್ತಿದರೆ ಕೀವು. ಎಕ್ಸ್‌ರೇ ತೆಗೆದರೆ ಒಳಗಿನ ನರ ಸತ್ತಿದೆ, ಬೇರು ಒಂದು ಬದಿಯಲ್ಲಿ ಕರಗುತ್ತಿದೆ. ಎಕ್ಸ್‌ರೇ ಫಿಲ್ಮಲ್ಲಿ ಬೇರಿನ ಅಂಚು ಹುಳ ತಿಂದ ಎಲೆಯ ಹಾಗೆ ಕಾಣುತ್ತಿತ್ತು.

ಇದು ನಮ್ಮವನ ದುರದೃಷ್ಟ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆಮೇಲೆ ನೋಡಿದ ಡೆಂಟಿಸ್ಟ್ ಕೂರಿಸಿ ವಿವರಿಸಿದರು. ಹಲ್ಲಿನ ಒಳಗಿನ ಮೆದು ಭಾಗಕ್ಕೆ ರಕ್ತ ಬರುವುದು ಬೇರಿನ ತುದಿಯ ಸಣ್ಣ ರಂಧ್ರದಿಂದ. ಪೆಟ್ಟಿಗೆ ಹಲ್ಲು ಚೂರು ಕದಲಿದರೂ ಅಲ್ಲಿನ ರಕ್ತನಾಳ ಜಜ್ಜಿಹೋಗಬಹುದು. ಹೊರಗೆ ಹಲ್ಲು ಗಟ್ಟಿಯಾಗುತ್ತೆ, ಒಳಗೆ ಸಾಯುತ್ತಾ ಇರುತ್ತೆ. ಗೊತ್ತಾಗೋಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಪೆಟ್ಟಾದ ಹೊಸತರಲ್ಲಿ ತಣ್ಣನೆಯದನ್ನು ಮುಟ್ಟಿಸಿ ಮಾಡುವ ಪರೀಕ್ಷೆಯನ್ನೂ ಪೂರ್ತಿ ನಂಬೋ ಹಾಗಿಲ್ಲ. ಬದುಕಿರುವ ಹಲ್ಲೂ ಆಗ ಸುಮ್ಮನಿರಬಹುದು. ಅದಕ್ಕೇ ಹಲ್ಲಿನ ಪೆಟ್ಟುಗಳಿಗಾಗಿಯೇ ಇರುವ ಅಂತರರಾಷ್ಟ್ರೀಯ ಸಂಘವೊಂದು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಬರೀ ಅಲುಗಾಡಿದ ಹಲ್ಲನ್ನೂ 1 ವರ್ಷದವರೆಗೆ ಮತ್ತೆ ಮತ್ತೆ ನೋಡಬೇಕು ಅಂತಿದೆ. ಪೂರ್ತಿ ಕಿತ್ತುಬಂದು ಮತ್ತೆ ಕೂರಿಸಿದ ಹಲ್ಲಾದರೆ ಕನಿಷ್ಠ 5 ವರ್ಷ.

ಡಾಕ್ಟರುಗಳೇ ವರ್ಷಗಟ್ಟಲೆ ಕಾದು ನೋಡುವ ಪೆಟ್ಟಿಗೆ ಒಂದೇ ವಾರದಲ್ಲಿ ‘ಅಂತಿಮ’ ಲೆಕ್ಕ ಹೇಗೆ ಹಾಕ್ತಾರೆ? ದಿನಾ ಇದೇ ಕೆಲಸ ಮಾಡುವವರಿಗೆ ಈ ವಿಷಯ ಗೊತ್ತಿರಲ್ಲ ಅಂದರೆ ನಾನಂತೂ ನಂಬಲ್ಲ.

ಮತ್ತೆ ಕೇಳಿದಾಗ ಬಂದ ಉತ್ತರ ಚಿಕ್ಕದು. ಫೈಲ್ ಮುಚ್ಚಿದೆ, ಸಹಿ ಇದೆ. ಸಹಿಯ ಮಾತು ಬಿಟ್ಟರೂ 21ಕ್ಕೆ ಅಂದು ಪೆಟ್ಟಾಗಿತ್ತು ಅನ್ನೋಕೆ ದಾಖಲೆ ಇಲ್ಲ. ಮೊದಲೇ ಹುಳುಕು ಇದ್ದಿರಬಹುದು. ಕೊನೆಯ ಮಾತು ಕೇಳಿ ತಮ್ಮ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಅದೃಷ್ಟಕ್ಕೆ ಅಪಘಾತಕ್ಕಿಂತ ಮುಂಚೆ ಬೇರೆ ಯಾವುದಕ್ಕೋ ತೆಗೆಸಿದ ಎಕ್ಸ್‌ರೇ ಹಳೆ ಕ್ಲಿನಿಕ್ಕಿನಲ್ಲಿ ಸಿಕ್ಕಿತು. ಅದರಲ್ಲಿ 21 ಚೊಕ್ಕವಾಗಿದೆ. ಈಗ ವಕೀಲರು ‘ಬರೀ ಫಾರ್ಮಾಲಿಟಿ ಅಂತ ಹೇಳಿ ಸಹಿ ಹಾಕಿಸಿದ್ದಾರೆ’ ಅನ್ನೋ ಆಧಾರದ ಮೇಲೆ ಹೋರಾಡುತ್ತಿದ್ದಾರೆ. ಆ ಮಾತನ್ನು ಫೋನಲ್ಲಿ ಹೇಳಿದ್ದು, ಬರಹದಲ್ಲಿ ಇಲ್ಲ. ಸುಲಭ ಇಲ್ಲ ಅಂತ ಅವರೇ ಹೇಳಿದ್ದಾರೆ.

ನಿಮಗೂ ಇಂಥದ್ದು ಆದರೆ ಮೊದಲು ಡೆಂಟಿಸ್ಟ್ ಹತ್ತಿರ ಒಂದು ಕೆಲಸ ಮಾಡಿಸಿಕೊಳ್ಳಿ. ಮುರಿದದ್ದನ್ನು ಮಾತ್ರ ಅಲ್ಲ, ಅದರ ಅಕ್ಕಪಕ್ಕದ, ಎದುರು ಸಾಲಿನ ಹಲ್ಲುಗಳನ್ನೂ ಪರೀಕ್ಷಿಸಿ ನಂಬರ್ ಸಮೇತ ಬರೆಯೋಕೆ ಹೇಳಿ. ಅಲುಗಾಡ್ತಿದೆ, ರಕ್ತ ಬಂದಿದೆ, ಮುಂದೆ ಗಮನಿಸಬೇಕು, ಏನಿದೆಯೋ ಅದು ಕಾಗದದ ಮೇಲೆ ಬರಲಿ. ಎಕ್ಸ್‌ರೇಯ ಒಂದು ಕಾಪಿ ಮನೆಗೆ ತಗೊಂಡು ಬನ್ನಿ. ಹಳೆ ಎಕ್ಸ್‌ರೇ ಎಲ್ಲಿದ್ದರೂ ಹುಡುಕಿ, ಕ್ಲಿನಿಕ್‌ಗಳು ಹಳೆಯದನ್ನು ಸದಾಕಾಲ ಇಟ್ಟುಕೊಳ್ಳಲ್ಲ. ಬಾಯಿಯ ಫೋಟೋ ಅದೇ ದಿನ ತೆಗೆಯಿರಿ, ಅಸಹ್ಯ ಅನಿಸಿದರೂ. ಸಿಸಿಟಿವಿ ಇದ್ದರೆ ಉಳಿಸಿಡಿ ಅಂತ ಇಮೇಲ್ ಹಾಕಿ, ಹಳೆ ರೆಕಾರ್ಡಿಂಗ್ ತಾನಾಗಿಯೇ ಅಳಿಸಿಹೋಗುತ್ತೆ.

ತುರ್ತು ಖರ್ಚಿಗೆ ದುಡ್ಡು ಬೇಕೇ ಬೇಕು ಅಲ್ವಾ? ತಗೊಳ್ಳಿ. ಆದರೆ ‘11ನೇ ಹಲ್ಲಿನ ಈ ಚಿಕಿತ್ಸೆಗೆ ಮಾತ್ರ, ಬೇರೆ ಹಕ್ಕು ಬಿಟ್ಟುಕೊಟ್ಟಿಲ್ಲ’ ಅಂತ ಬರಹದಲ್ಲಿ ಒಪ್ಪಿಸಿಕೊಂಡು ತಗೊಳ್ಳಿ. ಒಪ್ಪದಿದ್ದರೆ ಅವರ ಅವಸರ ಯಾಕೆ ಅಂತ ಅಲ್ಲೇ ಗೊತ್ತಾಗುತ್ತೆ.

ಹಾಗಂತ ಕಾಯ್ತಾ ಕೂರೋದೂ ಅಪಾಯವೇ. ಪರಿಹಾರ ಕೇಳೋಕೆ ಕಾನೂನಿನಲ್ಲಿ ಅವಧಿ ಇರುತ್ತೆ, ಒಂದೊಂದು ಕಡೆ ಒಂದೊಂದು ಥರ. ಆ ತಾರೀಖು ಯಾವುದು ಅಂತ ಮೊದಲೇ ವಕೀಲರ ಹತ್ತಿರ ಕೇಳಿಟ್ಟುಕೊಳ್ಳಿ. ಕ್ಲೇಮ್ ಬೇಗ ಹಾಕಿ, ಸೆಟಲ್‌ಮೆಂಟ್‌ಗೆ ಮಾತ್ರ ಆತುರ ಬೇಡ.

ಮೊತ್ತದ ವಿಷಯದಲ್ಲೂ ಇದೇ ಕಥೆ. ಅವರು ಇವತ್ತಿನ ಬಿಲ್ ನೋಡುತ್ತಾರೆ. ಕ್ಯಾಪ್ ಜೀವನಪೂರ್ತಿ ಬರೋದು ಅಪರೂಪ, ವಯಸ್ಸು ಚಿಕ್ಕದಿದ್ದಷ್ಟೂ ಅದನ್ನು ಜಾಸ್ತಿ ಸಲ ಬದಲಾಯಿಸಬೇಕು. ಹಲ್ಲು ಹೋಗಿ ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಕೃತಕ ಹಲ್ಲು) ಕಟ್ಟಿಸಿದರೆ ಪಕ್ಕದ ಒಳ್ಳೆ ಹಲ್ಲುಗಳನ್ನೂ ಸಾಮಾನ್ಯವಾಗಿ ತೇಯಬೇಕಾಗುತ್ತೆ. ಇಂಪ್ಲಾಂಟ್ (ದವಡೆ ಮೂಳೆಯಲ್ಲಿ ಸ್ಕ್ರೂ ಕೂರಿಸಿ ಅದರ ಮೇಲೆ ಹಾಕುವ ಹಲ್ಲು) ಆದರೆ ಮೂಳೆ ಸಾಕಾಗದೆ ಬೇರೆ ಮೂಳೆ ತುಂಬಿಸುವ ಖರ್ಚೂ ಬರಬಹುದು. ‘ಮುಂದೆ ಏನೇನು ಬೇಕಾಗಬಹುದು, ಎಷ್ಟು ವರ್ಷಕ್ಕೊಮ್ಮೆ’ ಅಂತ ಡೆಂಟಿಸ್ಟ್ ಬರೆದುಕೊಟ್ಟ ಕಾಗದ ಇಲ್ಲದೆ ಮಾತುಕತೆಗೆ ಹೋಗಲೇಬೇಡಿ.

ಪೆಟ್ಟು ಕ್ಲಿನಿಕ್ಕಿನಲ್ಲೇ ಆದರೂ ಲೆಕ್ಕ ಬೇರೆ ಅಲ್ಲ. ಕೆಳಗಿನ ಬುದ್ಧಿಹಲ್ಲು ಕೀಳಿಸಿದ ಮೇಲೆ ತುಟಿ, ನಾಲಿಗೆ ಜೋಮು ಹಿಡಿದ ಹಾಗೇ ಉಳಿದರೆ, ‘ಫೀಸ್ ವಾಪಸ್ ಕೊಡ್ತೀವಿ, ಇಲ್ಲಿ ಸಹಿ ಮಾಡಿ’ ಅಂತ ಬರಬಹುದು. ಅಲ್ಲಿ ಹಾಯುವ ನರಗಳಿಗೆ ಪೆಟ್ಟಾಗಿದ್ದರೆ ಎಷ್ಟೋ ಜನರಿಗೆ ತಿಂಗಳುಗಳಲ್ಲಿ ಸರಿಹೋಗುತ್ತೆ, ಕೆಲವರಿಗೆ ಹಾಗೇ ಉಳಿಯುತ್ತೆ. ಯಾವುದು ಅಂತ ಗೊತ್ತಾಗುವ ಮುಂಚೆ ಸಹಿ ಬೇಡ. ಜೋಮು ಇರೋದು ಸಾಮಾನ್ಯ ಅಡ್ಡಪರಿಣಾಮವಾ, ಕೆಲಸದಲ್ಲಿ ಆದ ತಪ್ಪಾ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕು.

ಮಕ್ಕಳಿದ್ದರಂತೂ ಇನ್ನೂ ಹುಷಾರು. ದವಡೆ ಬೆಳೆದು ನಿಲ್ಲುವವರೆಗೆ ಸಾಮಾನ್ಯವಾಗಿ ಇಂಪ್ಲಾಂಟ್ ಹಾಕಲ್ಲ. ಎಂಟು ವರ್ಷದ ಮಗುವಿನ ಶಾಶ್ವತ ಹಲ್ಲು ಹೋದರೆ ನಿಜವಾದ ಚಿಕಿತ್ಸೆ ಶುರುವಾಗೋದೇ ಅದು ದೊಡ್ಡದಾದ ಮೇಲೆ. ಅಲ್ಲಿಯವರೆಗೆ ತಾತ್ಕಾಲಿಕ ಹಲ್ಲು, ಅದೂ ಬೆಳೆದ ಹಾಗೆ ಬದಲಾಯಿಸುತ್ತಾ ಇರಬೇಕು. ಮಕ್ಕಳ ವಿಷಯದಲ್ಲಿ ಅವಧಿಯ ನಿಯಮಗಳು ಹಲವು ದೇಶಗಳಲ್ಲಿ ಬೇರೆಯೇ ಇರುತ್ತವೆ. ಕೆಲವು ಕಡೆ ಅಪ್ಪ ಅಮ್ಮ ಮಾಡಿಕೊಂಡ ಸೆಟಲ್‌ಮೆಂಟ್‌ಗೆ ಕೋರ್ಟಿನ ಒಪ್ಪಿಗೆಯೂ ಬೇಕು. ಸ್ಕೂಲಿನವರು ಆಫೀಸಿಗೆ ಕರೆದು ಕಾಗದ ಮುಂದಿಟ್ಟರೆ, ಅದರ ಫೋಟೋ ತೆಗೆದುಕೊಂಡು ಮನೆಗೆ ಬನ್ನಿ.