ಲಿವರ್‌ಗೆ ಸೊಪ್ಪಿನ ಪುಡಿ ಕೊಡುತ್ತೇನೆ ಅನ್ನುವವರನ್ನು ನಂಬಬೇಡಿ

ಚಿಕ್ಕಮಗಳೂರು ಕಡೆಯವರು ದಯವಿಟ್ಟು ಓದಿ. ಹೇಳಿಕೊಳ್ಳೋಕೆ ಮುಜುಗರ ಆಗುತ್ತದೆ, ಆದರೂ ಬರೆಯುತ್ತಿದ್ದೇನೆ. ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು.

ಅಪ್ಪನಿಗೆ ಫ್ಯಾಟಿ ಲಿವರ್. ಕಾಮಾಲೆಗೆ ನೆಲನೆಲ್ಲಿ ಕೊಡೋದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ. ಊರಿನ ನಾಟಿ ವೈದ್ಯರು ಕಣ್ಣೆದುರೇ ಸೊಪ್ಪು ಅರೆದು ಕೊಡುತ್ತಾರೆ, ಕೊಟ್ಟಷ್ಟು ತೆಗೆದುಕೊಳ್ಳುತ್ತಾರೆ. ಅಪ್ಪನಿಗೆ ಪುಡಿ ಕೊಟ್ಟ ಈ ಮನುಷ್ಯ ಹಾಗಲ್ಲ. ಪೇಟೆಯಲ್ಲಿ ಅಂಗಡಿ, ಮೇಜಿನ ಮೇಲೆ ಲ್ಯಾಮಿನೇಟ್ ಮಾಡಿಸಿದ ಇಂಗ್ಲಿಷ್ ಸಂಶೋಧನಾ ಲೇಖನ. "ಬಾಬಾಬುಡನ್‌ಗಿರಿ ಕಾಡಿನ ಸೊಪ್ಪು ಸಾರ್. ಲಿವರ್‌ಗೆ ಆಕ್ಸಿಡೇಟಿವ್ ಡ್ಯಾಮೇಜ್ ಆಗದ ಹಾಗೆ ಕಾಯುತ್ತೆ. ಸೈನ್ಸೇ ಹೇಳಿದೆ" ಅಂದ. ಕಾಲು ಕೆಜಿ ಪುಡಿಗೆ 2,400 ರೂಪಾಯಿ. ಬಿಲ್ ಇಲ್ಲ. ಒಳಗೆ ಏನೇನಿದೆ ಅಂತ ಕೇಳಿದರೆ "ನೆಲನೆಲ್ಲಿ ಇದೆ, ಉಳಿದದ್ದು ನಮ್ಮ ಮನೆತನದ ಗುಟ್ಟು" ಅಂದ.

ಪುಡಿ ಶುರು ಮಾಡಿದ ಮೇಲೆ ಅಪ್ಪನಿಗೆ ಊಟ ಸೇರಲಿಲ್ಲ. ವಾಂತಿ. ಕಣ್ಣು ಹಳದಿ. ಫೋನ್ ಮಾಡಿದೆ. "ಒಳಗಿನ ವಿಷ ಹೊರಗೆ ಬರ್ತಾ ಇದೆ ಸಾರ್, ಒಳ್ಳೆ ಲಕ್ಷಣ. ಒಂದು ಚಮಚ ಜಾಸ್ತಿ ಮಾಡಿ." ಒಳ್ಳೆ ಲಕ್ಷಣವಂತೆ! ಕಣ್ಣು ಹಳದಿ ಆದವರಿಗೆ ಇನ್ನೊಂದು ಚಮಚ ಕೊಡಿ ಅಂದ!

ಹಾಸನಕ್ಕೆ ಕರೆದುಕೊಂಡು ಹೋದೆವು. ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಸುಮಾರು 40ರ ಒಳಗೆ ಇರಬೇಕು, ಅಪ್ಪನಿಗೆ 600 ದಾಟಿತ್ತು. ಡಾಕ್ಟರ್ ಮೊದಲು ಕೇಳಿದ್ದೇ "ಪುಡಿಯಲ್ಲಿ ಏನೇನಿದೆ?" ಅಂತ. ಏನು ಹೇಳೋದು? ಗುಟ್ಟಂತೆ ಅನ್ನೋದಾ? ತಲೆ ಎತ್ತೋಕೆ ಆಗಲಿಲ್ಲ. ಪುಡಿ ನಿಲ್ಲಿಸಿದ ಮೇಲೆ ನಿಧಾನಕ್ಕೆ ಇಳಿಯುತ್ತಾ ಬಂತು.

ಆ ಲೇಖನದ ಫೋಟೋ ನನ್ನ ಫೋನಲ್ಲಿತ್ತು. ಎಂಎಸ್ಸಿ ಓದುವ ಅಕ್ಕನ ಮಗಳಿಗೆ ತೋರಿಸಿದೆ. "ಮಾವ, ಇದು ಇಲಿಗಳ ಮೇಲೆ ಮಾಡಿದ್ದು" ಅಂದಳು. ಇಲಿ! ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟು ಇಲಿಗಳ ಲಿವರ್ ಕೆಡಿಸಿ, ನೆಲನೆಲ್ಲಿಯಿಂದ ಆಲ್ಕೋಹಾಲ್‌ನಲ್ಲಿ ತೆಗೆದ ಸಾರ ಕುಡಿಸಿ, ಎಸ್‌ಜಿಪಿಟಿ ಎಷ್ಟು ಇಳಿಯಿತು ಅಂತ ನೋಡಿದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಸಂಶೋಧನೆ ಶುರುವಾಗೋದೇ ಹಾಗೆ. ಮನುಷ್ಯರಿಗೂ ಕೊಟ್ಟು ನೋಡಿದ್ದಾರಂತೆ. 1988ರಲ್ಲಿ ಮದ್ರಾಸಿನವರು ಹೆಪಟೈಟಿಸ್ ಬಿ ಅನ್ನೋ ಲಿವರ್ ಸೋಂಕಿಗೆ ಒಳ್ಳೆ ಫಲ ಬಂತು ಅಂದರು, ಆಮೇಲೆ ಬೇರೆ ಕಡೆ ಮಾಡಿದಾಗ ಅಂಥ ಫಲ ಬರಲಿಲ್ಲ. ಇದಕ್ಕೂ ಇವನ ಪ್ಯಾಕೆಟ್‌ಗೂ ಏನು ಸಂಬಂಧ? ಇಲಿಗಳ ವಿಷಯ ಮುಚ್ಚಿಟ್ಟು, ನನ್ನ ಮುಖ ನೋಡಿಕೊಂಡೇ "ಸೈನ್ಸೇ ಹೇಳಿದೆ" ಅಂದನಲ್ಲ, ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮತ್ತೆ ಕೇಳಿದ್ದಕ್ಕೆ "ನಿಮ್ಮಪ್ಪ ಪಥ್ಯ ಮಾಡಿಲ್ಲ, ಮೀನು ತಿಂದಿರಬೇಕು" ಅಂದ. ಅಪ್ಪನ ಮೇಲೇ ಹಾಕಿದ! ದುಡ್ಡು ಕೇಳಿದರೆ "ಒಡೆದ ಪ್ಯಾಕೆಟ್ ವಾಪಸ್ ತಗೊಳ್ಳಲ್ಲ". ಆಮೇಲೆ ನನ್ನ ನಂಬರ್ ಬ್ಲಾಕ್.

ಆಯುರ್ವೇದ ಔಷಧಿಯ ಪ್ಯಾಕೆಟ್ ಮೇಲೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗಿರುವ ಮೂಲಿಕೆಗಳ ಹೆಸರು ಇರಲೇಬೇಕು. ಇಲ್ಲದಿದ್ದರೆ ಮುಟ್ಟಬೇಡಿ. ಗುಟ್ಟು ಅಂದರೆ ಎದ್ದು ಬನ್ನಿ. ಔಷಧ ನಿಯಂತ್ರಣ ಇಲಾಖೆಗೆ ದೂರು ಬರೆಯುತ್ತಿದ್ದೇನೆ, ಉಳಿದ ಪುಡಿಯನ್ನೂ ಕೊಡುತ್ತೇನೆ. ಇವನ ಹತ್ತಿರ ತಗೊಂಡವರು ಯಾರಾದರೂ ಇದ್ದರೆ ಪ್ಯಾಕೆಟ್ ಎಸೆಯಬೇಡಿ, ನನಗೆ ಮೆಸೇಜ್ ಮಾಡಿ.